ಇಂದಿರಾಬಾಯಿಯವರ ಲಿಫ್ಟ್ ಕುರ್ಚಿ

ಕಾದ ಗೇರ್ ಎಣ್ಣೆಗೆ ಒಂದು ವಾಸನೆಯಿದೆ. ಒಗ್ಗರಣೆ ಸೀಯುವುದಕ್ಕೆ ಒಂದು ಗಳಿಗೆ ಮುಂಚಿನದು. ಇಂದು ಪುಣೆಯ ನಮ್ಮ ವರ್ಕ್‌ಶಾಪಿನಲ್ಲಿ, ಯಾರದೋ ಮನೆಯ ಲಿಫ್ಟ್ ಕುರ್ಚಿಯ ಪರೀಕ್ಷೆಯಲ್ಲಿ, ಅದು ಮೂಗಿಗೆ ಬಡಿಯಿತು.

"ಸರ್, ಈ ವರ್ಮ್ ಗೇರ್ ತುಂಬಾ ಪವರ್ ವೇಸ್ಟ್ ಮಾಡ್ತಿದೆ. ಹೆಲಿಕಲ್ ಹಾಕ್ಬಿಡೋಣ್ವಾ?" ಎಂದಳು ಬೆಂಗಳೂರಿನಿಂದ ಬಂದ ನಮ್ಮ ಡಿಸೈನರ್ ಸ್ಮಿತಾ. ನಕ್ಷೆಯಲ್ಲಿ ವರ್ಮನ್ನು ಹೊಡೆದುಹಾಕಲು ನನ್ನ ಕೈ ಆಗಲೇ ಕೆಂಪು ಪೆನ್ಸಿಲಿನ ಮೇಲಿತ್ತು.

ಆ ಪೆನ್ಸಿಲಿನ ಚಟ ನನಗೆ ಹತ್ತಿದ್ದು ಕುಲಕರ್ಣಿಯವರಿಂದ. ಧಾರವಾಡದವರು, ನನ್ನ ಹಳೆಯ ಮೇಲಧಿಕಾರಿ. ಮೋಟಾರಿನ ಓಟವನ್ನು ತಗ್ಗಿಸುವ ಪೆಟ್ಟಿಗೆಯಲ್ಲಿ ಗೇರುಗಳನ್ನು ಅವರು ಬೀಗರ ಊಟದ ಪಂಕ್ತಿಯಂತೆ ಕೂಡಿಸುತ್ತಿದ್ದರು. ಓರೆ ಹಲ್ಲಿನ ಹೆಲಿಕಲ್ ಗದ್ದಲ ಮಾಡದ ಸಂಭಾವಿತ. ಅದಕ್ಕೆ ವೇಗದ ತುದಿಯಲ್ಲಿ ಮೊದಲ ಎಲೆ. ನೇರ ಹಲ್ಲಿನ ಸ್ಪರ್ ಒರಟ. ಅದಕ್ಕೆ ನಿಧಾನದ ತುದಿ. ತಿರುಪಿನಂಥ ವರ್ಮ್‌ಗೆ ಎಲೆಯೇ ಇಲ್ಲ. "ಅರ್ಧ ಶಕ್ತಿ ಮೈ ಬಿಸಿ ಮಾಡ್ಕೊಳ್ಳಾಕ ಹೋಗ್ತದ್ರಿ. ಸೋಮಾರಿ ಬೀಗ!" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಅವರು ಪುಣೆಯ ಕೊಂಢವಾ ಬಡಾವಣೆಯ ಮನೆಯಲ್ಲಿ ಹೆಂಡತಿಗೊಂದು ಲಿಫ್ಟ್ ಕುರ್ಚಿ ಕಟ್ಟಿದರು, ಮೆಟ್ಟಿಲ ಪಕ್ಕದ ಹಳಿಯ ಮೇಲೆ ಏರಿಳಿಯುವಂಥದ್ದು. ಒಮ್ಮೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದ ಇಂದಿರಾಬಾಯಿ ಆಮೇಲೆ ಮಹಡಿಯಿಂದ ಇಳಿದೇ ಇರಲಿಲ್ಲ. ಕೆಳಗಿನ ಕಟ್ಟೆಯ ಮರಾಠಿ ಗೆಳತಿಯರ ಹರಟೆಯನ್ನು ಬಾಲ್ಕನಿಯಿಂದ ಕೇಳುವುದು, ಚಾಡಿಯ ಮುಖ್ಯ ಭಾಗವೇ ತಪ್ಪಿತೆಂದು ಕೊರಗುವುದು. ಇದು ಬದುಕೇ? ನೀವೇ ಹೇಳಿ.

ನಕ್ಷೆ ನೋಡಿ ನಾನು ಬೆಚ್ಚಿದೆ. ವರ್ಮ್‌ಗೇ ಮೊದಲ ಎಲೆ!

"ಸರ್, ಸೋಮಾರಿ ಬೀಗರು?"

"ಬಿಸಿ ಆಗ್ತದ, ಖರೇ. ಆದ್ರ ಅದು ಚಕ್ರ ತಿರುಗಸ್ತದ, ಚಕ್ರ ಅದನ್ನ ತಿರುಗಸೂದಿಲ್ಲ. ಕರೆಂಟ್ ಹೋಗ್ಲಿ, ಬ್ರೇಕ್ ಕೈ ಕೊಡ್ಲಿ, ಆಕಿ ಜಾರಂಗಿಲ್ಲ."

ಇಂದಿರಾಬಾಯಿ ಶಾಸ್ತ್ರವಾಕ್ಯಕ್ಕೆ ಬಗ್ಗುವವರಲ್ಲ. "ಮೊದಲ ನೀವು ಕೂಡ್ರಿ."

ಯಜಮಾನರು ಕೂತರು. ಕುರ್ಚಿ ನಡುದಾರಿಗೆ ಬಂದಾಗ ಆಕೆ ಮೇನ್ ಸ್ವಿಚ್ಚನ್ನೇ ಆರಿಸಿದರು. ಆಮೇಲೆ ನನಗೆ ಅಪ್ಪಣೆ: "ಬ್ರೇಕೂ ಬಿಡ್ರಿ."

ಕುಲಕರ್ಣಿಯವರು ಕಣ್ಣು ಮುಚ್ಚಿ ಹೂಂ ಎಂದು ತಲೆಯಾಡಿಸಿದರು. ಬಿಟ್ಟೆ. ಕುರ್ಚಿ ಕದಲಲಿಲ್ಲ. ಗಂಡನನ್ನು ಅಂತರಿಕ್ಷದಲ್ಲಿ ಬಿಟ್ಟು ಆಕೆ ನೆಟ್ಟಗೆ ಅಡುಗೆಮನೆಗೆ ಹೋದರು. ಬಹಳ ಹೊತ್ತಿಗೆ ಚಹಾದ ವಾಸನೆ ಬಂತು, ಅದರ ಹಿಂದೆ ಆಕೆ.

"ಜಾರಿದ್ರೇನು?"

"ಇಲ್ಲ. ನನಗೂ ಒಂದು ಕಪ್ ಕೊಡ್ತೀಯೇನು?"

ಆಕೆ ಕಂಬಿಯಿಂದ ಬಗ್ಗಿ ನೋಡಿದರು. ಕುರ್ಚಿಯನ್ನು, ಅದರ ಕೆಳಗಿನ ಮೆಟ್ಟಿಲುಗಳನ್ನು, ಬಾಗಿಲಾಚೆಯ ಕಟ್ಟೆಯನ್ನು.

"ಕೆಳಗ ಬಂದು ಕೊಡ್ತೀನಿ."

ಇಂದು ವರ್ಕ್‌ಶಾಪಿನಲ್ಲಿ ಪೆನ್ಸಿಲ್ ಕೆಳಗಿಟ್ಟು ಸ್ಮಿತಾಳನ್ನು ಕೇಳಿದೆ: "ಇದರಲ್ಲಿ ಕೂರೋರು ಯಾರಮ್ಮ?"

"ಒಬ್ರು ಅಜ್ಜಿ, ಸರ್."

"ಮೋಟಾರನ್ನ ಒಂದಳತೆ ದೊಡ್ಡದು ಮಾಡು. ವರ್ಮ್ ಇರಲಿ. ಸ್ವಲ್ಪ ಬಿಸಿಯಾಗಲಿ."