ದಿನಕ್ಕೆ ಏಳುನೂರು ಬೀಡಿಯ ನಳಿನಾಕ್ಷಿ

ಕುಕ್ಕುಂದೂರಿನ ನಳಿನಾಕ್ಷಿ ಬೀಡಿ ಕಟ್ಟುವುದರಲ್ಲಿ ಎತ್ತಿದ ಕೈ. ಎಲೆ ತುಂಬಿದ ತಡ್ಪೆ, ಅಂದರೆ ಮೊರ, ಮಡಿಲಿಗೆ ಬಂತೆಂದರೆ ಬೆರಳು ತನ್ನಷ್ಟಕ್ಕೆ ಓಡುತ್ತಿತ್ತು, ಬಾಯಿ ಊರ ಸುದ್ದಿ ಹೇಳುತ್ತಿತ್ತು. ಆದರೆ ಒಂದು ಬೀಡಿಯನ್ನೂ ತುಟಿಗಿಟ್ಟವಳಲ್ಲ. ಹೊಗೆ ಕಂಡರೆ ಮೂಗು ಮುಚ್ಚುವವಳು.

ಸಾವಿರದ ಒಂಬೈನೂರ ಎಪ್ಪತ್ತೆಂಟನೇ ಇಸವಿಯಲ್ಲಿ ಒಮ್ಮೆ ಅವಳ ಹಿಮ್ಮಡಿಗೆ ಮುಳ್ಳು ಹೊಕ್ಕು ಕೀವಾಯಿತು. ನಾಳೆ ಶನಿವಾರ. ಕಟ್ಟಿದ ಬೀಡಿ ಹೊತ್ತು ಬೀಡಿ ಕಂಪೆನಿಯ ಬ್ರಾಂಚಿಗೆ ನಡೆಯದಿದ್ದರೆ ಮುಂದಿನ ವಾರದ ಎಲೆ, ಹೊಗೆಸೊಪ್ಪು ಬೇರೆಯವರ ಪಾಲು. ಕುಂಟುತ್ತಾ ಕಾರ್ಕಳದ ಹೊಸ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಬಯಲುಸೀಮೆಯವರು. ಹಲ್ಲುನೋವಿನವನಿಗೂ ತುರಿಕೆಯವನಿಗೂ ಮೊದಲು ಬೀಡಿ ಬಿಡುವ ಉಪದೇಶ, ಆಮೇಲೆ ಮದ್ದು. ಊರಿನವರಂತೆ ಮಾತಾಡಬೇಕೆಂದು 'ಉಂಟು' ಎನ್ನುವುದನ್ನು ಆಗಷ್ಟೇ ಕಲಿತಿದ್ದರು.

"ಬೀಡಿ ಉಂಟಾ?"

"ಉಂಟು ಡಾಕ್ಟ್ರೇ."

"ದಿನಕ್ಕೆ ಎಷ್ಟು?"

"ಮೊದಲು ಸಾವಿರ. ಈಗ ಕಾಲುನೋವು ಅಲ್ವಾ, ಏಳುನೂರು."

ಡಾಕ್ಟರು ಕಾಲು ಬಿಟ್ಟು ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿದರು. ಅದು ಕೆಟ್ಟಿದೆಯೋ ಎಂದು ಕುಟ್ಟಿ ನೋಡಿ ಮತ್ತೆ ಒತ್ತಿದರು.

"ನಿದ್ದೆ ಯಾವಾಗ ಮಾಡ್ತೀರಿ?"

"ಮುಗಿದ ಮೇಲೆ."

"ಯಾರು ಕಲಿಸಿದ್ದು?"

"ಅಮ್ಮ. ಐದನೇ ಕ್ಲಾಸು ಬಿಟ್ಟ ವರ್ಷ. ಅತ್ತೆಗೂ ಉಂಟು. ಕಣ್ಣು ಕಾಣುವುದಿಲ್ಲ, ಆದರೂ ನನಗಿಂತ ಜೋರು."

"ಇವತ್ತೇ ಬಿಡಬೇಕು."

"ಬಿಟ್ಟರೆ ಊಟಕ್ಕೆ ಎಂತ ಮಾಡುವುದು?"

"ಬಿಟ್ಟು ನೋಡಿ, ಎರಡು ಪಾಲು ಊಟ ಸೇರ್ತದೆ."

ಪಾಪ, ಓದಿ ಓದಿ ತಲೆ ಕೆಟ್ಟಿದೆ ಎಂದುಕೊಂಡಳು ನಳಿನಾಕ್ಷಿ. ಅಷ್ಟರಲ್ಲಿ ಡಾಕ್ಟರು ಮಣಿಪಾಲಕ್ಕೆ ಚೀಟಿ ಬರೆಯತೊಡಗಿದರು. "ಏಳುನೂರು ಸೇದಿಯೂ ಶ್ವಾಸಕೋಶ ಇಷ್ಟು ಶುದ್ಧ. ದೊಡ್ಡ ಡಾಕ್ಟರುಗಳು ನೋಡಬೇಕು. ನಾಲ್ಕು ದಿನ ಅಲ್ಲೇ ಮಲಗಿ."

'ಸೇದಿಯೂ' ಎಂದದ್ದು ಅವಳ ಕಿವಿಗೆ ಬೀಳಲೇ ಇಲ್ಲ. ನಾಲ್ಕು ದಿನ ಎಂದದ್ದು ಬಿತ್ತು. ಅವಳ ಕಣ್ಣಲ್ಲಿ ನೀರು ಬಂತು.

"ಆ ಶ್ವಾಸ ಎಂತದೋ ಅದು ಮಣಿಪಾಲಕ್ಕೆ ಹೋಗಲಿ ಡಾಕ್ಟ್ರೇ, ಕಾಲು ಇಲ್ಲೇ ನೋಡಿ. ನಾಳೆ ಬ್ರಾಂಚಿಗೆ ಕಟ್ಟಿದ್ದನ್ನು ಕೊಡಬೇಕು."

ಸಿರಿಂಜು ಕುದಿಸುತ್ತಿದ್ದ ನರ್ಸ್ ಗ್ಲ್ಯಾಡಿಸ್ ಗೋಡೆಗೆ ಮುಖ ತಿರುಗಿಸಿದಳು. ಅವಳ ಭುಜ ಕುಣಿಯುತ್ತಿತ್ತು. "ಅವರು ಬೀಡಿ ಕಟ್ಟುವುದು ಡಾಕ್ಟ್ರೇ, ಸೇದುವುದಲ್ಲ."

ಡಾಕ್ಟರು ಬಗ್ಗಿ ಬಹಳ ಹೊತ್ತು ಹಿಮ್ಮಡಿಯನ್ನೇ ನೋಡಿದರು. ಮುಳ್ಳು ತೆಗೆದು ಪಟ್ಟಿ ಕಟ್ಟಿದರು. ತಲೆ ಎತ್ತದೆ, "ನಾಳೆ ನಡೆಯಬಹುದು" ಎಂದರು.

ನಳಿನಾಕ್ಷಿಗೆ ಈಗ ಧೈರ್ಯ ಬಂತು. "ಕಾರ್ಕಳದವರ ಬೀಡಿ ನೀವು ಎಷ್ಟು ಬೇಕಾದರೂ ಬಿಡಿಸಿ ಮಾರಾಯ್ರೆ, ಅಡ್ಡಿ ಇಲ್ಲ. ನಮ್ಮ ಬೀಡಿ ಘಟ್ಟದ ಮೇಲೆ ನಿಮ್ಮ ಊರಿಗೆ ಹೋಗುವುದು."

ಶನಿವಾರ ಎಲ್ಲರಿಗಿಂತ ಮೊದಲು ಬ್ರಾಂಚಿನ ಮೆಟ್ಟಿಲು ಹತ್ತಿದಳು. ಎಂತ ಕುಂಟುವುದು ಎಂದು ಕೇಳಿದವರಿಗೆ, "ಡಾಕ್ಟ್ರು ಬೀಡಿ ಬಿಡ್ಲಿಕ್ಕೆ ಹೇಳಿದ್ದಾರೆ" ಎಂದು ಹೇಳಿ ಮುಂದಿನ ವಾರದ ಎಲೆಗೆ ಕೈಚಾಚಿದಳು.