ಹತ್ತಿರ ಕೂತವಳಿಗೆ ಖೋ

ಆಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಶಾಲೆಯ ಗಂಟೆ ಇತ್ತು. ಒಂದಲ್ಲ, ಎರಡು. ನಮ್ಮ ಹೊಸಬೈಲಿನ ಹೈಸ್ಕೂಲಿನದು ಒಂದು, ಹೊಳೆಯಾಚೆ ಬಂದರಕೇರಿಯ ಹೈಸ್ಕೂಲಿನದು ಇನ್ನೊಂದು. ಆಚೆಯ ಗಂಟೆ ನಮ್ಮದಕ್ಕಿಂತ ಐದು ನಿಮಿಷ ಮೊದಲೇ ಬಾರಿಸುತ್ತಿತ್ತು. ಅವರದು ಮುಂದಿದೆ ಎಂದು ನಾವು, ನಮ್ಮದು ಹಿಂದಿದೆ ಎಂದು ಅವರು. ಅಂಕೋಲೆಗೆ ಹೋದಾಗ ಸರಿಯಾದ ಸಮಯ ಕೇಳಿಕೊಂಡು ಬರಲು ಎರಡೂ ಊರಿನವರು ತಯಾರಿರಲಿಲ್ಲ.

ನಾವು ಬೇಸಾಯದವರು. ಮಳೆಗಾಲಕ್ಕೆ ಭತ್ತ, ಅದು ಮುಗಿದ ಮೇಲೆ ಉಸುಕು ಮಣ್ಣಿನಲ್ಲಿ ಶೇಂಗಾ, ಚಪ್ಪರದ ಮೇಲೆ ಬಸಳೆ. ಅವರು ಮೀನಿನವರು, ಮನೆಯಲ್ಲಿ ಕೊಂಕಣಿ ಆಡುವವರು. ಅವರ ಬುಟ್ಟಿ ನಮ್ಮ ಅಂಗಳಕ್ಕೆ ಬರುತ್ತಿತ್ತು, ನಮ್ಮ ಬಸಳೆ ಕಟ್ಟು ಅವರ ಕೇರಿಗೆ ಹೋಗುತ್ತಿತ್ತು. ಎರಡೂ ಊರಿನ ಒಲೆಗಳ ಮೇಲೆ ಬಸಳೆಗೆ ಸಿಗಡಿ ಹಾಕಿದ ಹುಳಿ ಒಂದೇ ವಾಸನೆಯಲ್ಲಿ ಕುದಿಯುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಖೋ ಖೋ ಮೈದಾನದಲ್ಲಿ ಎದುರಾದಾಗ ನಾವು ಅವರಿಗೆ ಬರೀ 'ಬಸಳೆ', ಅವರು ನಮಗೆ ಬರೀ 'ಬಂಗಡೆ'.

ನಾನು ಒಂಬತ್ತನೆಯ ತರಗತಿಗೆ ಕಾಲಿಡುವ ವರ್ಷ ನಮ್ಮ ಶಾಲೆಯ ಗಂಟೆ ನಿಂತಿತು. ಮಕ್ಕಳ ಸಂಖ್ಯೆ ಸಾಲದು, ಎರಡು ಶಾಲೆ ಒಂದಾಗಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಒಂದಾಗುವುದು ಎಂದರೆ ನಾವು ದೋಣಿ ಹತ್ತಿ ಆಚೆ ಹೋಗುವುದು. ನಮ್ಮ ಅಜ್ಜಂದಿರು ಚಿರೆಕಲ್ಲು ಹೊತ್ತು ಕಟ್ಟಿದ ಕಟ್ಟಡಕ್ಕೆ ಬೀಗ ಬಿತ್ತು. ಅಪ್ಪ ನಾಲ್ಕು ದಿನ ಆ ದಾರಿಯಲ್ಲಿ ನಡೆಯಲಿಲ್ಲ, ಗದ್ದೆಗೆ ಸುತ್ತುಬಳಸಿ ಹೋದರು.

ಹೊಸ ಶಾಲೆಯಲ್ಲಿ ಆಟ ಕಲಿಸುತ್ತಿದ್ದವರು ವಿಮಲಾ ಅಕ್ಕೋರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎಂದೇ ಹೇಳುವುದು. ಇಸ್ತ್ರಿ ಮಾಡಿದ ಬಿಳಿ ಸೀರೆ, ಕೊರಳಲ್ಲಿ ಸೀಟಿ, ಎಡಗೈಯಲ್ಲಿ ಗಂಡಸರ ವಾಚು. ನಾಲ್ಕೂವರೆಗೆ ಎಂದರೆ ನಾಲ್ಕೂವರೆಗೆ ಸಾಲಿನಲ್ಲಿ ನಿಂತಿರಬೇಕು. ಉಗುರು ಕತ್ತರಿಸಿರಬೇಕು, ಜಡೆ ಮಡಚಿ ಕಟ್ಟಿರಬೇಕು. ನಾನು ಮುಂದೆ ಕಾರವಾರದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದೆ. ಒಂದು ದಿನವೂ ಡ್ಯೂಟಿಗೆ ತಡವಾಗಿ ಹೋಗಲಿಲ್ಲವೆಂದರೆ ಅದು ಆ ಸೀಟಿಯ ಪುಣ್ಯ.

ಬಂದರಕೇರಿಯ ಹಳೆಯ ತಂಡದಲ್ಲಿ ನಾಲ್ವರು ಹತ್ತನೆಯದು ಮುಗಿಸಿ ಹೋಗಿದ್ದರು. ಉಳಿದವರು ಐವರು, ನಾವು ಹೊಸಬೈಲಿನವರು ನಾಲ್ವರು. ಆಡಲು ಬೇಕಾದವರು ಒಂಬತ್ತು ಜನ. ಲೆಕ್ಕ ಸರಿಯಾಯಿತು, ಮನಸ್ಸು ಸರಿಯಾಗಲಿಲ್ಲ.

ಮನೆಯಲ್ಲಿ ಹೇಳಿದಾಗ ಅಪ್ಪ ಗಂಜಿಯ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವ್ರ ಶಾಲೆ ಹೆಸರಿಗೆ ನಮ್ಮ ಹುಡ್ಗೀರು ಎಂತಕೆ ಓಡೂದು?"

"ಈಗ ಅದು ನಮ್ಮ ಶಾಲೆನೂ ಹೌದಲ್ಲ ಅಪ್ಪಾ."

"ಬೋರ್ಡಲ್ಲಿ ನಮ್ಮೂರ ಹೆಸರು ಅದೆಯೇನೆ?"

ಇರಲಿಲ್ಲ. ಒಣಮೀನಿನ ಚೂರು ಮುರಿದು ಬಾಯಿಗೆ ಹಾಕಿಕೊಂಡು ಅವರೇ ಮುಂದುವರಿಸಿದರು: "ತಾಲೂಕಿನ ಆಟದವರೆಗೆ ನೋಡುವಾ. ಸೋತು ಬಂದ್ರೆ ಆಟ ಬಂದ್. ಹೊಳೆ ದಾಟಿ ಹತ್ತನೇತ್ತಿ ಓದೂದೂ ಬೇಕೋ ಬೇಡ್ವೋ, ಆಮೇಲೆ ಯೋಚ್ನೆ ಮಾಡೂದು."

ಗೆಳತಿ ನಾಗವೇಣಿಯ ಮನೆಯಲ್ಲೂ ಇದೇ ಮಾತು, ಉಳಿದಿಬ್ಬರ ಮನೆಯಲ್ಲೂ ಇದೇ. ಅಪ್ಪಂದಿರು ನಾಲ್ವರೂ ಕೂತು ಮಾತಾಡಿಕೊಂಡಿದ್ದರು ಎಂದು ಕಾಣುತ್ತದೆ. ಹೀಗೆ ನನ್ನ ಹತ್ತನೆಯ ತರಗತಿ ಒಂದು ಖೋ ಖೋ ಆಟದ ಮೇಲೆ ನಿಂತಿತು.

ಮಳೆ ಹೊಳವಾಗಿ ಬಿಸಿಲು ಬಿದ್ದ ಮೇಲೆ ಬೇಲೆಕೇರಿ ಕಡೆಯ ಒಂದು ತಂಡದೊಂದಿಗೆ ಸ್ನೇಹದ ಆಟ ಇಟ್ಟರು. ಅದರಲ್ಲಿ ನಾವು ಒಂದು ಅಂಕದಿಂದ ಸೋತೆವು. ಆ ಸೋಲು ನನ್ನದು, ಮುಚ್ಚಿಡುವುದಿಲ್ಲ. ನಾನು ಬೆನ್ನಟ್ಟುತ್ತಿದ್ದೆ. ಓಡುವ ಹುಡುಗಿ ಸಾಲಿನ ನಡುವೆ ನುಸುಳಿ ಆಚೆ ಬದಿಗೆ ಹಾರಿದಳು. ಬೆನ್ನಟ್ಟುವವಳು ಸಾಲು ದಾಟುವಂತಿಲ್ಲ. ಆಚೆ ಬದಿಗೆ ಮುಖ ಮಾಡಿ ಕೂತವಳ ಬೆನ್ನು ತಟ್ಟಿ ಖೋ ಎನ್ನಬೇಕು. ನನ್ನ ಕೈಯಳತೆಯಲ್ಲೇ ಬಂದರಕೇರಿಯ ಶೋಭಾ ಕೂತಿದ್ದಳು. ಹಿಂದಿನ ವರ್ಷ ನನ್ನನ್ನು ಔಟ್ ಮಾಡಿ, ತಿರುಗಿ ನೋಡಿ ನಕ್ಕವಳು. ನಾನು ಅವಳನ್ನು ಬಿಟ್ಟು ನಾಲ್ಕು ಮನೆ ಮುಂದೆ ಓಡಿ ನಾಗವೇಣಿಗೆ ಖೋ ಕೊಟ್ಟೆ. ಅಷ್ಟರಲ್ಲಿ ಆ ಹುಡುಗಿ ಕಂಬದ ಹತ್ತಿರ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದಳು.

"ನಂಗೆ ಬೆನ್ನಿಲ್ಲಾಗಿತ್ತೇನೆ ಬಸಳೇ?" ಎಂದಳು ಶೋಭಾ.

"ಮೀನು ವಾಸನೆ ಬಂತು, ಮುಂದೆ ಹೋದೆ" ಎಂದೆ.

ಅಕ್ಕೋರು ಬೈಯಲಿಲ್ಲ. ಮರುದಿನ ಸುಣ್ಣದ ಪುಡಿಯಿಂದ ಎಂಟು ಮನೆ ಬರೆದು ನಮ್ಮನ್ನು ಕೂರಿಸಿದರು. ಹೊಸಬೈಲಿನ ನಾಲ್ವರು ಒಂದು ಬಿಟ್ಟು ಒಂದು ಮನೆಯಲ್ಲಿ, ಮುಖ ಕಡಲಿಗೆ. ಬಂದರಕೇರಿಯ ನಾಲ್ವರು ನಡುವಿನ ಮನೆಗಳಲ್ಲಿ, ಮುಖ ಗುಡ್ಡಕ್ಕೆ. ಬೆನ್ನಟ್ಟಲು ಶೋಭಾ.

"ಈಗ ಕೊಡಿ ನೋಡುವಾ, ನಿಮ್ಮ ನಿಮ್ಮ ಊರಿಗೆ ಖೋ" ಎಂದು ಸೀಟಿ ಊದಿದರು.

ಆಡತೊಡಗಿದ ಮೇಲೆ ಗೊತ್ತಾಯಿತು. ಕಡಲಿಗೆ ಮುಖ ಮಾಡಿ ಎದ್ದವಳು ಕಡಲ ಬದಿಯಲ್ಲೇ ಓಡಬೇಕು. ಆ ಬದಿಯಿಂದ ಕಾಣುವ ಬೆನ್ನುಗಳೆಲ್ಲ ಗುಡ್ಡಕ್ಕೆ ಮುಖ ಮಾಡಿದವರವು. ನಾವು ಅವರಿಗೇ ಕೊಡಬೇಕು, ಅವರು ನಮಗೇ ಕೊಡಬೇಕು, ಬೇರೆ ದಾರಿ ಇಲ್ಲ. ಇದ್ದದ್ದು ಒಂದೇ ಕಳ್ಳದಾರಿ: ಕೊನೆಯ ಕಂಬದವರೆಗೆ ಓಡಿ, ಅದನ್ನು ಸುತ್ತಿ ಇನ್ನೊಂದು ಬದಿಗೆ ಬರುವುದು. ಮೊದಲ ದಿನ ನಾವು ಎಲ್ಲರೂ ಅದನ್ನೇ ಮಾಡಿದೆವು. ಸುಮ್ಮನೆ ಕಂಬ ಸುತ್ತಿದವಳಿಗೆ ಮೈದಾನ ಐದು ಸುತ್ತು ಎಂದರು ಅಕ್ಕೋರು. ಎರಡನೆಯ ದಿನ ಕಂಬದ ಆಸೆ ಎಲ್ಲರಿಗೂ ಬಿಟ್ಟುಹೋಯಿತು.

ಆಟದಲ್ಲಿ ಇನ್ನೊಂದು ನಿಯಮವಿದೆ. ಖೋ ಕೊಟ್ಟವಳು ಎದ್ದವಳ ಮನೆಯಲ್ಲೇ ಕೂರಬೇಕು, ಅವಳ ಮುಖ ಇದ್ದ ಕಡೆಗೇ ಮುಖ ಮಾಡಿ. ನಾನು ಶೋಭಾಳಿಗೆ ಖೋ ಕೊಟ್ಟು ಅವಳ ಮನೆಯಲ್ಲಿ ಮೊದಲ ಬಾರಿ ಕೂತಾಗ ನೆಲ ಇನ್ನೂ ಬೆಚ್ಚಗಿತ್ತು. ಎದುರಿಗೆ ಗುಡ್ಡ, ಅದರ ಬುಡಕ್ಕೆ ನಮ್ಮೂರ ಗದ್ದೆಗಳು. ನಮ್ಮೂರು ಅವರಿಗೆ ಹೀಗೆ ಕಾಣುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹತ್ತು ಖೋ ಆಗುವಷ್ಟರಲ್ಲಿ ಯಾರು ಯಾವ ಬದಿಗೆ ಕೂತಿದ್ದರು ಎಂಬುದೇ ಕಲಸಿಹೋಗುತ್ತಿತ್ತು. ಆಮೇಲೆ ಊರು ಹುಡುಕಲು ಪುರಸೊತ್ತಿರುತ್ತಿರಲಿಲ್ಲ, ಹತ್ತಿರದ ಬೆನ್ನು ಹುಡುಕಬೇಕಿತ್ತು.

ಇನ್ನೊಂದು ತೊಡಕು ದೋಣಿಯದು. ಕೊನೆಯ ದೋಣಿ ಐದೂವರೆಗೆ, ನಮ್ಮ ಅಭ್ಯಾಸ ಮುಗಿಯುವುದು ಆರಕ್ಕೆ. ದೋಣಿ ನಡೆಸುತ್ತಿದ್ದವರು ಶೋಭಾಳ ಅಪ್ಪ ಪಾಂಡು ಮಾಮ. ನಾವು ಪ್ರತಿದಿನ ಅರ್ಧ ಆಟ ಬಿಟ್ಟು ದೋಣಿ ನಿಲ್ಲುವ ಧಕ್ಕೆಗೆ ಓಡುತ್ತಿದ್ದೆವು. ಉಳಿದ ಐವರಿಗೂ ಆಗ ಆಟ ನಿಲ್ಲುತ್ತಿತ್ತು. ಒಂದು ಸಂಜೆ ನಾವು ತಡವಾಗಿ ಏದುಸಿರು ಬಿಡುತ್ತ ಬಂದಾಗ ಅವರು ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು.

"ಏ ಬಾಯ್, ನಿಮ್ಮ ಅಕ್ಕೋರ ಸೀಟಿ ಹೊಳೆಗೆ ಕೇಳ್ತದೇನೆ? ಇಳಿತ ಶುರುವಾದ್ರೆ ದೋಣಿ ಕೆಸ್ರಲ್ಲಿ ಕೂತ್ಕಂತದೆ. ನಾಳೆಯಿಂದ ಕಾಯೂದಿಲ್ಲ ನಾನು."

ಮರುದಿನ ಐದೂಕಾಲಿಗೆ ಶೋಭಾ ಅಕ್ಕೋರ ಕಿವಿಯಲ್ಲಿ ಏನೋ ಹೇಳಿ ಮೈದಾನದಿಂದ ಹೊರಟುಹೋದಳು. ಅಕ್ಕೋರು ನಮ್ಮನ್ನು ಬಿಡದೆ, ಆಟ ನೋಡುತ್ತಿದ್ದ ಬೇರೊಬ್ಬಳನ್ನು ಅವಳ ಜಾಗದಲ್ಲಿ ಕೂರಿಸಿ ಆರರವರೆಗೂ ಆಡಿಸಿದರು. ಇವತ್ತು ಈಜಿಯೇ ಹೋಗುವುದು ಎಂದುಕೊಂಡು ಧಕ್ಕೆಗೆ ಬಂದರೆ ದೋಣಿ ಅಲ್ಲೇ ಇತ್ತು. ಶೋಭಾ ಮೂತಿಯ ಹಲಗೆಯ ಮೇಲೆ ಖೋ ಖೋದ ಭಂಗಿಯಲ್ಲೇ, ಅಂಗೈ ಊರಿ ಕುಕ್ಕರಗಾಲಲ್ಲಿ ಕೂತಿದ್ದಳು. ಪಾಂಡು ಮಾಮ ದೋಣಿ ನೂಕುವ ಜಲ್ಲೆ ಹಿಡಿದು ಬೊಬ್ಬೆ ಹೊಡೆಯುತ್ತಿದ್ದರು.

"ಏಳ್ತೆಯೋ ಇಲ್ವೋ?"

"ಅವ್ರು ಬಂದ್ ಮೇಲೆ ಏಳ್ತೆ. ಐದು ಜನಕ್ಕೆ ಖೋ ಖೋ ಆಗೂದಿಲ್ಲ ಅಪ್ಪಾ."

"ಬಲೆ ಬಿಡೂಕೆ ಹೋಗ್ಬೇಕು ನಂಗೆ!"

"ಬಲೆಗೆ ನಿಮ್ಗೆ ಎಷ್ಟು ಜನ ಬೇಕು? ಒಬ್ರು ಕಮ್ಮಿ ಆದ್ರೆ ಹೋಗ್ತ್ರಿಯಾ?"

ಮಾಮ ನಮ್ಮನ್ನು ಹತ್ತಿಸಿಕೊಂಡು ಹೊಳೆಯ ನಡುವೆ ಬಂದಾಗ ತಮ್ಮಷ್ಟಕ್ಕೇ ನಕ್ಕರು. ಮರುದಿನದಿಂದ ಐದೂವರೆಗೆ ದೋಣಿ ಕಟ್ಟಿ ಮೈದಾನದ ಅಂಚಿಗೆ ಬಂದು ಬೀಡಿ ಹಚ್ಚಿ ಕೂರತೊಡಗಿದರು. ವಾರ ಕಳೆಯುವುದರೊಳಗೆ ಅಕ್ಕೋರಿಗೇ ಸಲಹೆ ಕೊಡುವಷ್ಟು ಆಟ ಕಲಿತುಬಿಟ್ಟರು. ನಾನು ಮನೆಯಿಂದ ಬೇಯಿಸಿದ ಶೇಂಗಾ ಕಟ್ಟಿಕೊಂಡು ಹೋಗುತ್ತಿದ್ದೆ. ಮೊದಲ ಹಿಡಿ ಅವರಿಗೆ, ಎರಡನೆಯದು ಶೋಭಾಳಿಗೆ.

ತಾಲೂಕಿನ ಆಟ ಅಂಕೋಲೆಯ ಮೈದಾನದಲ್ಲಿ. ಕೊನೆಯ ಆಟ ಪೇಟೆಯ ಶಾಲೆಯ ಮೇಲೆ. ಅವರಿಗೆ ಕ್ಯಾನ್ವಾಸ್ ಬೂಟು, ನಮಗೆ ಬರಿಗಾಲು. ನಮ್ಮೂರವರು ಲಾರಿಯಲ್ಲಿ ಬಂದು ಒಂದು ಬದಿಗೆ ನಿಂತರು. ಅಪ್ಪ ಮುಂದಿನ ಸಾಲಿನಲ್ಲಿ, ಕೈಕಟ್ಟಿಕೊಂಡು. ಬಂದರಕೇರಿಯವರು ಎದುರು ಬದಿಗೆ, ತಗಡಿನ ಡಬ್ಬಿ ಬಡಿಯುತ್ತ. ಮೊದಮೊದಲು ನಾನು ಎದ್ದಾಗ ಈ ಬದಿ ಕೂಗಿತು, ಶೋಭಾ ಎದ್ದಾಗ ಆ ಬದಿ ಕೂಗಿತು. ಆದರೆ ಖೋ ಬೀಳುವ ವೇಗ ಹೆಚ್ಚಿದಂತೆ ಕೂಗುವವರಿಗೆ ಸುಧಾರಿಸಿಕೊಳ್ಳಲು ಆಗಲಿಲ್ಲ. ಒಬ್ಬಳ ಹೆಸರು ಬಾಯಿಂದ ಹೊರಡುವಷ್ಟರಲ್ಲಿ ಇನ್ನೊಬ್ಬಳು ಎದ್ದಾಗಿರುತ್ತಿತ್ತು. ಕೊನೆಗೆ ಎರಡೂ ಬದಿಯವರು ಎಲ್ಲರ ಹೆಸರನ್ನೂ ಕೂಗಲೇಬೇಕಾಯಿತು.

ಕೊನೆಯ ಪಾಳಿ. ಅಂಕ ಸಮ. ಪೇಟೆಯ ಒಬ್ಬಳೇ ಉಳಿದಿದ್ದಳು, ಎತ್ತರದ ಹುಡುಗಿ, ಮೀನಿನ ಹಾಗೆ ಜಾರುವವಳು. ಬೆನ್ನಟ್ಟುತ್ತಿದ್ದವಳು ನಾನು. ಅಂಪೈರು ವಾಚು ನೋಡಿ ಸೀಟಿಯನ್ನು ತುಟಿಗೆ ಇಟ್ಟಿದ್ದು ಕಣ್ಣಂಚಿಗೆ ಕಂಡಿತು. ಹುಡುಗಿ ಆಚೆ ಬದಿಗೆ ಹಾರಿದಳು. ನನ್ನ ಮುಂದೆ, ಕೈಯಳತೆಯಲ್ಲಿ, ಒಂದು ಬೆನ್ನು. ಅದು ಯಾರದೆಂದು ನಾನು ನೋಡಲಿಲ್ಲ. ತಟ್ಟಿದೆ. "ಖೋ!"

ಎದ್ದವಳು ಶೋಭಾ. ಮೂರು ಹೆಜ್ಜೆ ಓಡಿ, ನೆಲಕ್ಕೆ ಸಮನಾಗಿ ಹಾರಿ, ಆ ಹುಡುಗಿಯ ಹಿಮ್ಮಡಿ ಮುಟ್ಟಿದಳು. ಅವಳ ಎದೆ ನೆಲಕ್ಕೆ ಬಿದ್ದ ಸದ್ದು ಮೊದಲು ಕೇಳಿತು, ಸೀಟಿ ಆಮೇಲೆ. ಅದಕ್ಕಿಂತಲೂ ಮೊದಲು ನನ್ನ ಹಿಂದಿನಿಂದ ಒಂದು ಧ್ವನಿ ಒಡೆದು ಬಂದಿತ್ತು: "ಶೋಭಾಽಽಽ! ಹಿಡಿಯೇ ತಂಗೀ!"

ಅದು ಅಪ್ಪನ ಧ್ವನಿ. ನನ್ನ ಹೆಸರನ್ನೂ ಅವರು ಎಂದೂ ಅಷ್ಟು ಜೋರಾಗಿ ಕೂಗಿದವರಲ್ಲ.

ಆ ಸಂಜೆ ಲಾರಿಯಲ್ಲಿ ಎರಡೂ ಊರಿನವರು ಬಂದರು. ಮಂಡಿ ತರಚಿದ ಶೋಭಾಳನ್ನು ಅಪ್ಪ ತಮ್ಮ ಪಕ್ಕ ಕೂರಿಸಿಕೊಂಡಿದ್ದರು. ಆಮೇಲೆ ಕಾರವಾರದ ಜಿಲ್ಲಾ ಆಟದಲ್ಲಿ ಎರಡು ಗೆದ್ದು ಮೂರನೆಯದರಲ್ಲಿ ಸೋತೆವು. ಆ ಸೋಲನ್ನು ಯಾರೂ ಎಣಿಸಲಿಲ್ಲ. ಹತ್ತನೆಯ ತರಗತಿಯ ಬಗ್ಗೆ ಯೋಚನೆ ಮಾಡುವ ಮಾತನ್ನೂ ಅಪ್ಪ ಮತ್ತೆ ಎತ್ತಲಿಲ್ಲ. "ದೋಣಿ ಹೊತ್ತಾಯ್ತು, ಏಳೇ" ಎಂದು ಅವರೇ ನನ್ನನ್ನು ಎಬ್ಬಿಸುತ್ತಿದ್ದರು.

ಈಗ ಹೊಳೆಗೆ ಸೇತುವೆ ಬಂದಿದೆ. ದೋಣಿ ಇಲ್ಲ, ಪಾಂಡು ಮಾಮನೂ ಇಲ್ಲ, ಅಪ್ಪನೂ ಇಲ್ಲ. ಬಂದರಕೇರಿಯ ಆ ಶಾಲೆಯೂ ಹೆದ್ದಾರಿ ಪಕ್ಕದ ದೊಡ್ಡ ಶಾಲೆಯಲ್ಲಿ ವಿಲೀನವಾಗಿದೆ. ಸುತ್ತಲಿನ ಹಳ್ಳಿಗಳ ಮಕ್ಕಳು ವ್ಯಾನಿನಲ್ಲಿ ಬರುತ್ತಾರೆ, ವ್ಯಾನಿನಲ್ಲಿ ಹೋಗುತ್ತಾರೆ. ಕಳೆದ ತಿಂಗಳು ಖೋ ಖೋ ಅಭ್ಯಾಸ ನೋಡಲು ಬನ್ನಿ ಎಂದು ನನ್ನನ್ನೂ ಶೋಭಾಳನ್ನೂ ಕರೆದಿದ್ದರು. ಒಬ್ಬ ಹುಡುಗಿ ಕೈಯಳತೆಯಲ್ಲಿದ್ದವಳನ್ನು ಬಿಟ್ಟು ಮುಂದೆ ಓಡಿದಳು. ಕರೆದು ಕೇಳಿದೆ: "ಅವಳಿಗೆ ಎಂತಕೆ ಕೊಡಲಿಲ್ಲ? ಯಾವೂರವಳು ಅವಳು?"

"ಊರು ಗೊತ್ತಿಲ್ಲಜ್ಜಿ. ಮೂರನೇ ವ್ಯಾನಿನವ್ಳು."

ನಮಗೆ ಜಗಳವಾಡಲಾದರೂ ಒಂದು ಊರಿತ್ತು. ಬಸಳೆ ಎಂದು ಕರೆಯಲಾದರೂ ಆಚೆ ದಡದಲ್ಲಿ ಯಾರೋ ಇದ್ದರು. ಆ ಮಗುವಿಗೆ ಇರುವುದು ಒಂದು ಅಂಕಿ.

ಆಗಲೇ ವ್ಯಾನುಗಳು ಹಾರ್ನ್ ಹೊಡೆದವು. ಆಟ ಅರ್ಧದಲ್ಲಿತ್ತು, ಮಕ್ಕಳು ಚೀಲದ ಕಡೆ ಓಡತೊಡಗಿದರು. ಪಕ್ಕಕ್ಕೆ ತಿರುಗಿದರೆ ಶೋಭಾ ಇಲ್ಲ. ಮಂಡಿನೋವಿನ ಕಾಲನ್ನು ಎಳೆಯುತ್ತ ಅವಳು ಉಳಿದ ವ್ಯಾನುಗಳ ದಾರಿಗೆ ಅಡ್ಡವಾಗಿ ಗೇಟಿನಲ್ಲಿ ನಿಂತಿದ್ದ ಮೂರನೆಯ ವ್ಯಾನಿನ ಬಾಗಿಲು ಹಿಡಿದು ಹತ್ತುತ್ತಿದ್ದಳು. ಮುಂದಿನ ಸೀಟಿನಲ್ಲಿ ಕೂತು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡ್ರೈವರನಿಗೆ ಹೇಳಿದಳು: "ಆಟ ಮುಗೀಲಿ ತಮ್ಮಾ. ಆಮೇಲೆ ಇಳೀತೆ."

"ಅಜ್ಜಿ, ನಂಗೆ ಟೈಮ್ ಆಗ್ತದೆ!"

"ನಂಗೆ ಆಗೂದಿಲ್ಲ" ಎಂದಳು ಶೋಭಾ.

ನಾನು ವಾಚು ನೋಡಿಕೊಂಡೆ. ಐದೂಕಾಲು. ಮಕ್ಕಳನ್ನು ಕರೆದು ಸಾಲಿನಲ್ಲಿ ಕೂರಿಸಿದೆ, ಮೂರನೆಯ ವ್ಯಾನಿನವರ ಮುಖ ಕಡಲಿಗೆ, ಉಳಿದವರ ಮುಖ ಗುಡ್ಡಕ್ಕೆ. ಆರರವರೆಗೂ ಆಡಿದರು.