ಹುಳುಕಡ್ಡಿಯ ಟವೆಲ್ಲೂ ಹರಿಹರೇಶ್ವರನ ದಯೆಯೂ

ಭಕ್ತಬಂಧುಗಳೇ, ಇದು ಹೇಳಿಕೊಳ್ಳುವಂಥ ಮಾತಲ್ಲ. ಆದರೆ ಮುಚ್ಚಿಟ್ಟರೆ ಸ್ವಾಮಿಯ ದಯೆಯನ್ನೂ ಮುಚ್ಚಿಟ್ಟಂತಾಗುತ್ತದೆ.

೧೯೬೨ರ ಶ್ರಾವಣದಲ್ಲಿ ನನ್ನ ಸೊಂಟದ ಮೇಲೆ, ಸೀರೆ ಬಿಗಿಯುವ ಕಡೆ, ಹುಳುಕಡ್ಡಿ ಎದ್ದಿತು. ದೀಪಾವಳಿಯ ಹೊತ್ತಿಗೆ ಉಂಗುರ ಉಂಗುರವಾಗಿ ಕತ್ತಿಗೆ, ಕೆನ್ನೆಗೆ ಹಬ್ಬಿತು. ಗಂಧಕದ ಮುಲಾಮು, ನಿಂಬೆರಸ, ಯಾವುದಕ್ಕೂ ಬಗ್ಗಲಿಲ್ಲ. ಶಾಮನೂರಿನ ನಮ್ಮ ಮನೆಗೆ ನಾನು ಹಿರಿಸೊಸೆ. "ನೀ ಹಿಟ್ಟು ಮುಟ್ಟಬ್ಯಾಡವ್ವ" ಎಂದು ಅತ್ತೆ ರೊಟ್ಟಿಯ ಕೆಲಸವನ್ನು ನನ್ನ ನೆಗೆಣ್ಣಿ ಶಾಂತಳಿಗೆ ಕೊಟ್ಟರು. ಅವಳ ಎಂಟು ತಿಂಗಳ ಮಗಳನ್ನು ನಾನು ಎತ್ತಿಕೊಳ್ಳುವುದೂ ನಿಂತಿತು. ನನಗೆ ಮಕ್ಕಳಿರಲಿಲ್ಲ.

ಕಲೆಯೊಂದೂ ಇಲ್ಲದ ಶಾಂತಳ ಕತ್ತು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ಮೈ ಒರೆಸಿದ ಟವೆಲ್ಲನ್ನು ಮಡಚಿ ಅವಳ ಬಟ್ಟೆಯ ನಡುವೆ ಇಟ್ಟೆ. ಒಮ್ಮೆಯಲ್ಲ, ಮೂರು ಸಲ. ಅವಳಿಗೆ ಏನೂ ಆಗಲಿಲ್ಲ.

ಆ ಶಾಂತಳೇ ಒಂದು ದಿನ, "ನಮ್ಮ ಹರಿಹರದಾಗೆ ಒಬ್ರು ಡಾಕ್ಟ್ರು ಅದಾರೆ, ಹೊಸ ಗುಳಿಗಿ ಕೊಡ್ತಾರಂತೆ, ಬಾ ಅಕ್ಕ" ಎಂದು ಕೂಸನ್ನು ಅತ್ತೆಯ ಬಳಿ ಬಿಟ್ಟು ದಾವಣಗೆರೆಯಿಂದ ನನ್ನನ್ನು ಬಸ್ಸು ಹತ್ತಿಸಿದಳು. ಮೊದಲು ಗುಡಿಗೆ ಹೋದೆವು. ಅವಳು ನನಗಾಗಿ ಹಣ್ಣುಕಾಯಿ ಮಾಡಿಸುತ್ತಿದ್ದಾಗ ನಾನು ಬೇಡಿಕೊಂಡದ್ದು, "ನನ್ನದು ಹೋಗದಿದ್ದರೆ ಅವಳಿಗೂ ಬರಲಿ" ಎಂದು.

ಡಾಕ್ಟರು ನೋಡಿ ಹೇಳಿದರು: "ಇದು ಹುಳ ಅಲ್ಲಮ್ಮ, ಒಂದು ಥರದ ಬೂಷ್ಟು. ಈ ಗುಳಿಗಿನೂ ಇನ್ನೊಂದು ಬೂಷ್ಟಿನಿಂದಲೇ ಮಾಡಿದ್ದು. ಆರು ವಾರ ಬಿಡದಂಗೆ ತುಪ್ಪದ ಊಟದ ಜೊತಿ ತಗೋರಿ."

ನನ್ನ ಬಾಯಿ ತಡೆಯಲಿಲ್ಲ. "ಒಂದೇ ಟವೆಲ್ನಾಗೆ ಒರೆಸಿಕೊಂಡ್ರೂ ಇವಳಿಗೆ ಯಾಕ ಬರ್ಲಿಲ್ಲ?"

"ಕೆಲವರ ಮೈಯಾಗಿನ ಕಾವಲು ಗಟ್ಟಿ ಇರ್ತೈತೆ, ಬೂಷ್ಟು ಬಿದ್ರೂ ಬೇರೂರಾಕೆ ಬಿಡಲ್ಲ. ಎಳೇ ಮಕ್ಕಳಿಗೆ ಮಾತ್ರ ಬೇಗ ಹತ್ತೈತೆ."

ಶಾಂತ ನನ್ನತ್ತ ತಿರುಗಿದಳು. "ಒಂದೇ ಟವೆಲ್ಲಾ? ನನ್ನ ಬಟ್ಟಿ ನಡುವೆ ಇದ್ದದ್ದು ನಿಂದಾ? ಮೊನ್ನೆ ಅದರಾಗ ಕೂಸಿನ್ನ ಒರೆಸೀನಿ ಅಕ್ಕ."

ಹೊರಗೆ ಬಂದವಳೇ ಮತ್ತೆ ಗುಡಿಗೆ ಓಡಿದೆ. "ಬೆಳಿಗ್ಗೆ ಕೇಳಿದ್ದನ್ನು ಕೊಡಬೇಡ ತಂದೆ. ನನ್ನದು ನನ್ನಲ್ಲೇ ಇರಲಿ, ಕೂಸಿಗೆ ಹತ್ತದಿರಲಿ" ಎಂದು ಅಡ್ಡಬಿದ್ದು ಕಣ್ಣೀರಿಟ್ಟೆ.

ಶಾಂತ ಮನೆಯ ಬಟ್ಟೆಯನ್ನೆಲ್ಲ ಕುದಿಸಿದಳು. ನನ್ನೊಡನೆ ಮಾತು ಬಿಟ್ಟಳು. ಆದರೂ ದಿನಾ ಮಧ್ಯಾಹ್ನ ನನ್ನ ಅನ್ನಕ್ಕೆ ತುಪ್ಪ ಹಾಕಿ, ಗುಳಿಗೆಯನ್ನು ತಟ್ಟೆಯ ಪಕ್ಕ ಇಟ್ಟು ಹೋಗುತ್ತಿದ್ದಳು. ಅವಳ ಆ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚು ಬಂತೆಂದರೆ ನಂಬುತ್ತೀರಾ? ಕೂಸಿನ ಮೈಯನ್ನು ದೂರದಿಂದಲೇ ನೋಡುತ್ತಿದ್ದೆ. ಒಮ್ಮೆ ತೊಡೆಯ ಮೇಲೆ ಕೆಂಪಗೆ ಕಂಡು ಎರಡು ದಿನ ಅನ್ನ ಸೇರಲಿಲ್ಲ. ಅದು ಸೊಳ್ಳೆ ಕಚ್ಚಿದ್ದು.

ಆರನೆಯ ವಾರಕ್ಕೆ ನನ್ನ ಕೆನ್ನೆ, ಕತ್ತು, ಸೊಂಟ ಎಲ್ಲ ಹಸನಾದವು. ಕೂಸಿಗೆ ಏನೂ ಆಗಲಿಲ್ಲ. ಆ ದಿನ ಶಾಂತ ಬಂದು, "ಇದನ್ನ ಹಿಡ್ಕೊ ಅಕ್ಕ, ನನಗೆ ಹಿಟ್ಟು ನಾದೋದೈತೆ" ಎಂದು ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿ ಒಳಗೆ ಹೋದಳು.

ಇಂದಿಗೂ ಅತ್ತೆ ಅವಳನ್ನು ಹೊಗಳಿದರೆ ನನ್ನ ಮನಸ್ಸು ಚುರ್ ಎನ್ನುತ್ತದೆ. ಆಗ ಹರಿಹರೇಶ್ವರನನ್ನು ನೆನೆಯುತ್ತೇನೆ. ನನ್ನ ಎರಡು ಬೇಡಿಕೆಗಳಲ್ಲಿ ಯಾವುದನ್ನು ಕೇಳಿಸಿಕೊಳ್ಳಬೇಕೆಂದು ಅವನಿಗೆ ಗೊತ್ತಿತ್ತು.